ಜೋಡಿ ತಪ್ಪಿದರೆ ಬ್ಯಾಟರಿ ಕುದಿಯುತ್ತದೆ: ಹಳೆ ಕಾರುಗಳ ಡೈನಮೋ, ಆಲ್ಟರ್ನೇಟರ್, ಕಟೌಟ್ ಕಥೆ

ಸೈಕಲ್ಲಿಗೆ ಡೈನಮೋ ಹಾಕಿಕೊಂಡು ರಾತ್ರಿ ಊರಿಗೆ ಬಂದವರಿಗೆ ಈ ಕಥೆ ಅರ್ಧ ಗೊತ್ತಿದೆ. ಏರು ಹತ್ತುವಾಗ ದೀಪ ಮಿಣುಕು ಮಿಣುಕು. ಇಳಿಜಾರಿನಲ್ಲಿ ಝಗ್ಗನೆ ಬೆಳಕು. ಇನ್ನೂ ಜೋರಾಗಿ ಬಿಟ್ಟರೆ ಬಲ್ಬೇ ಸುಟ್ಟು ಹೋಗುತ್ತಿತ್ತು. ಚಕ್ರ ತಿರುಗಿದಷ್ಟು ಕರೆಂಟ್. ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ.

ಕಾರಿನ ಎಂಜಿನ್ನಿಗೂ ಇದೇ ತೊಂದರೆ. ಸಂತೆ ಬೀದಿಯಲ್ಲಿ ಜನರ ನಡುವೆ ನಿಂತಾಗ ಎಂಜಿನ್ ನಿಧಾನವಾಗಿ ಗುರ್ ಎನ್ನುತ್ತಿರುತ್ತದೆ. ಹೈವೇ ಹತ್ತಿದರೆ ಅದರ ನಾಲ್ಕೈದು ಪಟ್ಟು ವೇಗದಲ್ಲಿ ತಿರುಗುತ್ತದೆ. ಆದರೆ ಬ್ಯಾಟರಿ ಮಾತ್ರ ಅದೇ 12 ವೋಲ್ಟಿನದು. ಕಡಿಮೆ ಕೊಟ್ಟರೆ ಬೆಳಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಜಾಸ್ತಿ ಕೊಟ್ಟರೆ ಆಸಿಡ್ ಕುದಿಯುತ್ತದೆ. ಇವೆರಡರ ನಡುವೆ ಹದ ನೋಡಿಕೊಳ್ಳುವ ಭಾಗಕ್ಕೆ ವೋಲ್ಟೇಜ್ ರೆಗ್ಯುಲೇಟರ್ ಎಂದು ಹೆಸರು. ನಮ್ಮ ಕಡೆ ಗ್ಯಾರೇಜುಗಳಲ್ಲಿ ಇದನ್ನೇ ಕಟೌಟ್ ಅನ್ನುತ್ತಾರೆ. ಚಿತ್ರಮಂದಿರದ ಮುಂದೆ ಹಾರ ಹಾಕುವ ಕಟೌಟ್ ಅಲ್ಲ, ಬಾನೆಟ್ ಒಳಗೆ ಮೂಲೆಯಲ್ಲಿ ಕೂತಿರುವ ಸಣ್ಣ ಕಪ್ಪು ಡಬ್ಬ.

ಹಳೆ ಕಾರುಗಳಲ್ಲಿ ಕರೆಂಟ್ ಹುಟ್ಟಿಸುವ ಯಂತ್ರ ಬೇರೆ, ಅದಕ್ಕೆ ಮೂಗುದಾರ ಹಾಕುವ ಈ ಡಬ್ಬ ಬೇರೆ. ಎರಡನ್ನೂ ಕಂಪನಿಯವರು ಎತ್ತಿನ ಜೋಡಿಯಂತೆ ಹೊಂದಿಸಿಯೇ ಮಾಡುತ್ತಿದ್ದರು. ಕಾಲ ಕಳೆದಂತೆ ಒಂದು ಕೆಡುತ್ತದೆ, ಇನ್ನೊಂದು ಉಳಿಯುತ್ತದೆ. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ಕಟ್ಟಿದಾಗ ಬೋಲ್ಟ್ ಕೂರುತ್ತದೆ, ಬೆಲ್ಟ್ ಕೂರುತ್ತದೆ, ಕರೆಂಟಿನ ಲೆಕ್ಕ ಮಾತ್ರ ಕೂರುವುದಿಲ್ಲ. ಯಾಕೆ ಕೂರುವುದಿಲ್ಲ ಎಂದು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹ್ಯಾಂಡಲ್ ಹೋಗಿ ಸೆಲ್ಫ್ ಬಂತು

ಮೊದಮೊದಲ ಕಾರುಗಳನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಚಾಲೂ ಮಾಡಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ತಮ್ಮ ಡೆಲ್ಕೊ ಕಂಪನಿಯಿಂದ ಇದಕ್ಕೆ ಉಪಾಯ ಹುಡುಕಿದರು. 1912ರ ಕ್ಯಾಡಿಲಾಕ್ ಕಾರು ಅವರ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಜೊತೆಗೆ ಬಂತು.

ಸೆಲ್ಫ್ ಬಂದ ಮೇಲೆ ದೊಡ್ಡ ಬ್ಯಾಟರಿ ಬೇಕಾಯಿತು. ಬ್ಯಾಟರಿ ಬಂದ ಮೇಲೆ ಅದನ್ನು ದಿನವೂ ತುಂಬಿಸುವ ಯಂತ್ರ ಬೇಕಾಯಿತು. ಆ ಕ್ಯಾಡಿಲಾಕ್‌ನಲ್ಲಿ ಎರಡೂ ಕೆಲಸ ಒಂದೇ ಯಂತ್ರದ್ದು. ಮೊದಲು ಮೋಟಾರಾಗಿ ಎಂಜಿನ್ ತಿರುಗಿಸುವುದು, ಆಮೇಲೆ ಜನರೇಟರಾಗಿ ಬ್ಯಾಟರಿ ತುಂಬಿಸುವುದು. ಮುಂದೆ ಎರಡೂ ಬೇರೆ ಬೇರೆಯಾದವು. ತುಂಬಿಸುವುದಕ್ಕೆ ನಮ್ಮಲ್ಲಿ ಡೈನಮೋ ಎಂಬ ಹೆಸರು ನಿಂತಿತು.

ಋತು ನೋಡಿ ಬ್ರಷ್ ಸರಿಸುವ ಕಾಲ

ಡೈನಮೋ ಒಳಗೆ ಫೀಲ್ಡ್ ಕಾಯಿಲ್ ಎಂಬುದೊಂದಿದೆ. ಅದಕ್ಕೆ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗುತ್ತದೆ. ಆ ಅಯಸ್ಕಾಂತದ ನಡುವೆ ಆರ್ಮೇಚರ್ ತಿರುಗಿದಾಗ ದೊಡ್ಡ ಕರೆಂಟ್ ಹುಟ್ಟುತ್ತದೆ. ಫೀಲ್ಡಿಗೆ ಹೋಗುವ ಸಣ್ಣ ಕರೆಂಟ್ ಹಿಡಿದರೆ ಇಡೀ ಯಂತ್ರ ಕೈಗೆ ಸಿಕ್ಕಂತೆ. ಕಾಲುವೆಯ ತೂಬು ಎತ್ತಿ ಇಳಿಸಿ ಹೊಲಕ್ಕೆ ನೀರು ಬಿಟ್ಟ ಹಾಗೆ.

1920ರ ದಶಕದಲ್ಲಿ ಈ ತೂಬನ್ನು ತಾನಾಗಿ ಏರಿಳಿಸುವ ಡಬ್ಬ ಎಲ್ಲ ಕಾರುಗಳಲ್ಲೂ ಇರಲಿಲ್ಲ. ಆ ದಶಕದ ಕೊನೆಯಲ್ಲಿ ಬಂದ 6 ವೋಲ್ಟಿನ ಫೋರ್ಡ್ ಮಾಡೆಲ್ ಎ ಕಾರನ್ನೇ ನೋಡಿ. ಅದರ ಡೈನಮೋದಲ್ಲಿ ಎರಡು ಮುಖ್ಯ ಬ್ರಷ್‌ಗಳ ಜೊತೆಗೆ ಮೂರನೆಯದೊಂದಿತ್ತು. ಆ ಬ್ರಷ್ ಸರಿಸಿದರೆ ಚಾರ್ಜ್ ಜಾಸ್ತಿ ಕಡಿಮೆ ಆಗುತ್ತಿತ್ತು. ಚಳಿಗಾಲದಲ್ಲಿ ದೀಪ ಹೆಚ್ಚು ಉರಿಯುತ್ತದೆ, ಜಾಸ್ತಿಗೆ ಇಡಬೇಕು. ಬೇಸಿಗೆಯಲ್ಲಿ ಹಗಲು ಹೊತ್ತು ದೂರ ಓಡಿಸುವುದಾದರೆ ಕಡಿಮೆಗೆ ಇಡಬೇಕು. ಮರೆತರೆ ಬ್ಯಾಟರಿಯ ನೀರು ಆವಿಯಾಗುತ್ತಿತ್ತು. ಬ್ಯಾಟರಿಯ ವೈರ್ ಕಳಚಿಕೊಂಡರಂತೂ ವೋಲ್ಟೇಜ್ ಹಾರಿ ಬಲ್ಬುಗಳೇ ಸುಡುತ್ತಿದ್ದವು.

ಆ ಕಾರಿನಲ್ಲಿದ್ದದ್ದು ಕಟೌಟ್ ಮಾತ್ರ. ನಿಜವಾದ ಅರ್ಥದ ಕಟೌಟ್. ನಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಗೊತ್ತಲ್ಲ, ಮೋಟಾರ್ ನಿಂತಾಗ ನೀರು ಬಾವಿಗೆ ವಾಪಸ್ ಇಳಿಯದಂತೆ ತಡೆಯುವುದು? ಕಟೌಟ್ ಕೆಲಸವೂ ಅದೇ. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಡೈನಮೋಗೆ ವಾಪಸ್ ಹರಿಯದಂತೆ ತಡೆಯುತ್ತದೆ. ಆಮೇಲೆ ರೆಗ್ಯುಲೇಟರ್ ಕೂಡ ಅದೇ ಡಬ್ಬದೊಳಗೆ ಸೇರಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಲೂಕಾಸ್ ಡಬ್ಬದ ಐದು ಅಕ್ಷರ

ಬ್ರಿಟಿಷ್ ಕಾರುಗಳ ಎಲೆಕ್ಟ್ರಿಕ್ ಸಾಮಾನೆಂದರೆ ಹೆಚ್ಚಾಗಿ ಬರ್ಮಿಂಗ್‌ಹ್ಯಾಮ್‌ನ ಲೂಕಾಸ್ ಕಂಪನಿಯದು. ಎರಡನೇ ಮಹಾಯುದ್ಧದ ನಂತರ ಅವರ ಆರ್‌ಬಿ106 ಎಂಬ ಕಂಟ್ರೋಲ್ ಬಾಕ್ಸ್ ಲಕ್ಷಗಟ್ಟಲೆ ಕಾರುಗಳಿಗೆ ಹೋಯಿತು. ಒಳಗೆ ಎರಡು ಕಾಯಿಲ್. ಒಂದು ಕಟೌಟ್, ಇನ್ನೊಂದು ರೆಗ್ಯುಲೇಟರ್. ಹೊರಗೆ ಐದು ಟರ್ಮಿನಲ್: ಎ, ಎ1, ಎಫ್, ಡಿ, ಇ. ಡಿ ಎಂದರೆ ಡೈನಮೋ, ಎಫ್ ಎಂದರೆ ಫೀಲ್ಡ್, ಇ ಎಂದರೆ ಅರ್ಥ್. ಎ ಕಡೆಯಿಂದ ಬ್ಯಾಟರಿಗೆ, ಎ1 ಕಡೆಯಿಂದ ಕಾರಿನ ದೀಪ ಮತ್ತಿತರ ಕೆಲಸಕ್ಕೆ.

ಜೊತೆಗಿದ್ದ ಡೈನಮೋ ಸಿ40. ಅದು ಕೊಡುವುದು 22 ಆಂಪ್. ನಂತರ ಬಂದ ಸಿ40ಎಲ್ 25 ಆಂಪ್ ಕೊಡುತ್ತಿತ್ತು. ಅದಕ್ಕೆ ಜೋಡಿ ಮೂರು ಕಾಯಿಲ್ ಇರುವ ಆರ್‌ಬಿ340. ಮೂರನೆಯ ಕಾಯಿಲ್ ಕೆಲಸ ಆಂಪ್ ಮಿತಿ ಕಾಯುವುದು.

ಜೋಡಿಯ ಮೊದಲ ಪಾಠ ಇಲ್ಲಿದೆ. 25 ಆಂಪ್‌ಗೆ ಇಟ್ಟ ಡಬ್ಬವನ್ನು 22 ಆಂಪ್‌ನ ಡೈನಮೋಗೆ ಕಟ್ಟಿದರೆ ಗಾಡಿ ಓಡುತ್ತದೆ, ಚಾರ್ಜೂ ಆಗುತ್ತದೆ. ಆದರೆ ಬ್ಯಾಟರಿ ಖಾಲಿ ಇದ್ದಾಗಲೆಲ್ಲ ಡಬ್ಬ ಆ ಡೈನಮೋದಿಂದ ಶಕ್ತಿ ಮೀರಿ ದುಡಿಸುತ್ತದೆ. ಆರ್ಮೇಚರ್ ಕಾಯ್ದು, ಕಮ್ಯುಟೇಟರ್ ಬಳಿಯ ಬೆಸುಗೆ ಕರಗಿ ಹೊರಕ್ಕೆ ಚಿಮ್ಮುತ್ತದೆ. ಆಗ ಎಲ್ಲರೂ ಬೈಯುವುದು ಡೈನಮೋವನ್ನು. ತಪ್ಪು ಪಕ್ಕದ ಡಬ್ಬದ್ದು.

ಗೇಟ್‌ವಾಲ್ವ್ ಯಾವ ತುದಿಗೆ?

ಎರಡನೆಯ ಪಾಠ ಇನ್ನೂ ಮುಖ್ಯ. ಟ್ಯಾಂಕಿನಿಂದ ಹೊಲಕ್ಕೆ ಒಂದು ಪೈಪ್ ಇದೆ ಅಂದುಕೊಳ್ಳಿ. ಗೇಟ್‌ವಾಲ್ವನ್ನು ಟ್ಯಾಂಕಿನ ಬಳಿ ಹಾಕಬಹುದು, ಹೊಲದ ತುದಿಗೂ ಹಾಕಬಹುದು. ಎಲ್ಲಿ ಹಾಕಿದರೂ ನೀರು ನಿಲ್ಲಿಸಬಹುದು.

ಫೀಲ್ಡ್ ಕಾಯಿಲ್‌ಗೂ ಹೀಗೆಯೇ ಎರಡು ತುದಿ. ಲೂಕಾಸ್ ಡೈನಮೋದಲ್ಲಿ ಒಂದು ತುದಿಯನ್ನು ಒಳಗೇ ಬಾಡಿಗೆ ಅರ್ಥ್ ಮಾಡಿರುತ್ತಾರೆ. ಕರೆಂಟ್ ಬರುವ ತುದಿಯಲ್ಲಿ ರೆಗ್ಯುಲೇಟರ್ ಕಾವಲು. ಅಮೆರಿಕದ ಫೋರ್ಡ್ ಡೈನಮೋಗಳದೂ ಇದೇ ರೀತಿ. ಆದರೆ ಜನರಲ್ ಮೋಟಾರ್ಸ್ ಕಾರುಗಳ ಡೆಲ್ಕೊ-ರೆಮಿ ಡೈನಮೋದಲ್ಲಿ ಉಲ್ಟಾ. ಅಲ್ಲಿ ಕರೆಂಟ್ ತುದಿ ಒಳಗೇ ಸೇರಿದೆ, ರೆಗ್ಯುಲೇಟರ್ ಕಾಯುವುದು ಅರ್ಥ್ ತುದಿಯನ್ನು. ಅಮೆರಿಕದ ಮೆಕ್ಯಾನಿಕ್‌ಗಳು ಡೆಲ್ಕೊ ರೀತಿಗೆ ಎ ಸರ್ಕ್ಯೂಟ್ ಎಂದೂ ಫೋರ್ಡ್ ರೀತಿಗೆ ಬಿ ಸರ್ಕ್ಯೂಟ್ ಎಂದೂ ಹೆಸರಿಟ್ಟರು.

ಒಂದು ರೀತಿಯ ಡೈನಮೋಗೆ ಇನ್ನೊಂದು ರೀತಿಯ ಡಬ್ಬ ಕಟ್ಟಿದರೆ ಏನಾಗುತ್ತದೆ? ಫೀಲ್ಡಿನ ಎರಡೂ ತುದಿ ಒಂದೇ ಕಡೆ ಸೇರುತ್ತವೆ. ಎರಡೂ ತುದಿ ಅರ್ಥ್‌ಗೆ, ಇಲ್ಲವೇ ಎರಡೂ ಕರೆಂಟ್‌ಗೆ. ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಎರಡೂ ಸಾಮಾನು ಒಳ್ಳೆಯವೇ, ಆದರೂ ಚಾರ್ಜ್ ಸೊನ್ನೆ. ಹೀಗೆ ಎಷ್ಟೋ ಒಳ್ಳೆಯ ಡೈನಮೋಗಳು ಗುಜರಿ ಸೇರಿವೆ.

ಆಲ್ಟರ್ನೇಟರ್ ಬಂದದ್ದು ಡಯೋಡ್ ಹೆಗಲೇರಿ

ಡೈನಮೋದ ದೊಡ್ಡ ಕೊರತೆ ಒಂದೇ. ನಿಧಾನಕ್ಕೆ ತಿರುಗುವಾಗ ಅದು ಏನೂ ಕೊಡುವುದಿಲ್ಲ. ಊರೊಳಗೆ ನಿಂತು ನಿಂತು ಹೋಗುವ ಗಾಡಿಗೆ ರಾತ್ರಿ ಹೆಡ್‌ಲೈಟ್ ಹಾಕಿದರೆ ಖರ್ಚೇ ಜಾಸ್ತಿ, ಆದಾಯ ಕಡಿಮೆ. ಪುಲ್ಲಿ ಚಿಕ್ಕದು ಮಾಡಿ ಜೋರಾಗಿ ತಿರುಗಿಸೋಣವೆಂದರೆ, ಹೈವೇಯಲ್ಲಿ ಭಾರದ ಆರ್ಮೇಚರ್ ಆ ವೇಗ ತಾಳುವುದಿಲ್ಲ. ಯಾಕೆಂದರೆ ಡೈನಮೋದಲ್ಲಿ ದೊಡ್ಡ ಕರೆಂಟ್ ಹುಟ್ಟುವುದೇ ತಿರುಗುವ ಭಾಗದಲ್ಲಿ.

ಆಲ್ಟರ್ನೇಟರ್ ಇದನ್ನು ತಿರುವಿ ಹಾಕಿತು. ತಿರುಗುವುದು ಫೀಲ್ಡ್. ದೊಡ್ಡ ಕರೆಂಟ್ ಹುಟ್ಟುವುದು ಹೊರಗೆ ಅಲುಗಾಡದೆ ಕೂತಿರುವ ಕಾಯಿಲ್‌ನಲ್ಲಿ. ಬ್ರಷ್ ಮೂಲಕ ಹೋಗುವುದು ಫೀಲ್ಡಿನ ನಾಲ್ಕೈದು ಆಂಪ್ ಒಳಗಿನ ಕರೆಂಟ್ ಮಾತ್ರ. ಹಾಗಾಗಿ ಜೋರಾಗಿ ತಿರುಗಿಸಬಹುದು, ನಿಂತಲ್ಲೇ ಚಾರ್ಜ್ ಆಗುತ್ತದೆ. ಆದರೆ ಅದು ಕೊಡುವುದು ಎಸಿ. ಬ್ಯಾಟರಿಗೆ ಬೇಕಾದದ್ದು ಡಿಸಿ. (ಅಂದಹಾಗೆ ನಮ್ಮ ಸೈಕಲ್ ಡೈನಮೋ ಕೊಡುವುದೂ ಎಸಿಯೇ. ಹೆಸರಷ್ಟೇ ಡೈನಮೋ.)

ಎಸಿಯನ್ನು ಡಿಸಿ ಮಾಡಲು ಮೊದಲಿದ್ದದ್ದು ಸೆಲೆನಿಯಂ ತಟ್ಟೆಗಳ ದೊಡ್ಡ ಕಟ್ಟು. 1940ರ ದಶಕದ ಕೊನೆಯಿಂದ ಅಮೆರಿಕದ ಲೀಸ್-ನೆವಿಲ್ ಕಂಪನಿ ಇಂಥ ಸೆಟ್ಟುಗಳನ್ನು ಪೊಲೀಸ್ ಗಾಡಿ, ಆಂಬುಲೆನ್ಸ್‌ಗಳಿಗೆ ಕೊಡುತ್ತಿತ್ತು. ವೈರ್‌ಲೆಸ್ ಹಾಕಿಕೊಂಡು ರಸ್ತೆ ಬದಿ ನಿಲ್ಲುವ ಗಾಡಿಗಳಿಗೆ ಅದು ಬೇಕೇ ಬೇಕಿತ್ತು. ಸಾಮಾನ್ಯರ ಕಾರಿಗೆ ಅದು ದುಬಾರಿ. ಬೆರಳ ತುದಿಯಷ್ಟು ಗಾತ್ರದ ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ದಾರಿ ತೆರೆಯಿತು. ಕ್ರೈಸ್ಲರ್ ಕಂಪನಿ ತನ್ನ 1960ರ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಕೊಟ್ಟಿತು. 1961ರಿಂದ ಆ ಕಂಪನಿಯ ಎಲ್ಲ ಕಾರುಗಳಿಗೂ ಅದೇ.

ಇಲ್ಲಿ ರೆಗ್ಯುಲೇಟರ್ ಕೆಲಸವೂ ಬದಲಾಯಿತು. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುವುದರಿಂದ ಕಟೌಟ್ ಬೇಡವಾಯಿತು. ಆಲ್ಟರ್ನೇಟರ್ ತನ್ನ ರಚನೆಯಿಂದಲೇ ಒಂದು ಮಿತಿ ಮೀರಿ ಆಂಪ್ ಕೊಡುವುದಿಲ್ಲ, ಆಂಪ್ ಕಾಯುವ ಕಾಯಿಲ್ಲೂ ಬೇಡವಾಯಿತು. ಉಳಿದದ್ದು ವೋಲ್ಟೇಜ್ ನೋಡುವ ಕೆಲಸ ಮಾತ್ರ. ಅದಕ್ಕೇ ಡೈನಮೋ ಕಾಲದ ಡಬ್ಬ ಆಲ್ಟರ್ನೇಟರಿಗೆ ಆಗುವುದಿಲ್ಲ, ಇದರದು ಅದಕ್ಕೆ ಆಗುವುದಿಲ್ಲ.

1970: ಒಂದೇ ಕಂಪನಿ, ಎರಡು ಜಾತಿ

ಜೋಡಿ ತಪ್ಪುವುದಕ್ಕೆ ಒಳ್ಳೆಯ ಉದಾಹರಣೆ ಇದೇ ಕ್ರೈಸ್ಲರ್. 1969ರವರೆಗೆ ಅದರ ಆಲ್ಟರ್ನೇಟರಿನ ಒಂದು ಬ್ರಷ್ ಬಾಡಿಗೆ ಅರ್ಥ್ ಆಗಿತ್ತು. ಇನ್ನೊಂದು ಬ್ರಷ್ಷಿಗೆ ರೆಗ್ಯುಲೇಟರ್ ಕರೆಂಟ್ ಕಳಿಸುತ್ತಿತ್ತು. ವಾಲ್ವ್ ಟ್ಯಾಂಕಿನ ತುದಿಗೆ.

1970ರ ಮಾಡೆಲ್‌ನಿಂದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂತು. ಈಗ ಎರಡು ಬ್ರಷ್ಷೂ ಬಾಡಿಯಿಂದ ಬೇರೆ. ಒಂದಕ್ಕೆ ಚಾವಿ ತಿರುಗಿಸಿದೊಡನೆ ನೇರ 12 ವೋಲ್ಟ್. ಇನ್ನೊಂದನ್ನು ರೆಗ್ಯುಲೇಟರ್ ಅರ್ಥ್‌ಗೆ ಸೇರಿಸಿ ಬಿಡಿಸಿ ಹದ ಮಾಡುತ್ತದೆ. ವಾಲ್ವ್ ಹೊಲದ ತುದಿಗೆ ಹೋಯಿತು. ನೋಡಲು ಆಲ್ಟರ್ನೇಟರ್ ಸುಮಾರು ಹಾಗೆಯೇ ಇತ್ತು.

ಈಗ 1970ರ ನಂತರದ ಕಾರಿಗೆ 1969ರ ಆಲ್ಟರ್ನೇಟರ್ ಹಾಕಿ ನೋಡಿ. ಅದರಲ್ಲಿರುವುದು ಒಂದೇ ಫೀಲ್ಡ್ ಟರ್ಮಿನಲ್. ಅದಕ್ಕೆ 12 ವೋಲ್ಟ್ ವೈರ್ ಸಿಕ್ಕಿಸಿದಿರೋ, ಇನ್ನೊಂದು ತುದಿ ಒಳಗೇ ಅರ್ಥ್ ಆಗಿದೆ. ಹೊಲದ ತುದಿಯಲ್ಲಿ ವಾಲ್ವೇ ಇಲ್ಲ. ಫೀಲ್ಡ್ ಪೂರ್ತಿ ತೆರೆದುಕೊಳ್ಳುತ್ತದೆ, ಎಂಜಿನ್ ವೇಗ ಏರಿದಂತೆ ವೋಲ್ಟೇಜ್ ಏರುತ್ತಲೇ ಹೋಗುತ್ತದೆ, ಬ್ಯಾಟರಿ ಕುದಿಯುತ್ತದೆ. ರೆಗ್ಯುಲೇಟರ್ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ, ಅದರ ಕೈಗೆ ಏನೂ ಸಿಕ್ಕಿಲ್ಲ.

ಉಲ್ಟಾ ಮಾಡುವುದು ಸುಲಭ. ಹೊಸ ಆಲ್ಟರ್ನೇಟರನ್ನು ಹಳೆ ಕಾರಿಗೆ ಹಾಕಬೇಕಾದರೆ ಎರಡರಲ್ಲಿ ಒಂದು ಫೀಲ್ಡ್ ಟರ್ಮಿನಲ್ಲನ್ನು ಬಾಡಿಗೆ ಅರ್ಥ್ ಮಾಡಿ, ಇನ್ನೊಂದಕ್ಕೆ ಹಳೆ ರೆಗ್ಯುಲೇಟರ್ ವೈರ್ ಕೊಟ್ಟರೆ ಆಯಿತು. ಒಂದು ತುಂಡು ವೈರಿನ ಕೆಲಸ. ಆ ಒಂದು ತುಂಡು ವೈರ್ ಎಲ್ಲಿಗೆ ಎಂದು ಗೊತ್ತಿರುವುದೇ ವಿದ್ಯೆ.

ಹಸಿರು ಚೀಟಿ ಮತ್ತು ಉಲ್ಟಾ ಅರ್ಥ್

ಇಂಗ್ಲೆಂಡಿನಲ್ಲಿ ಲೂಕಾಸ್ ಕೂಡ ಬದಲಾಯಿತು. 1964ರಲ್ಲಿ ಬಂದ ಜಾಗ್ವಾರ್ ಇ-ಟೈಪ್ 4.2 ಕಾರಿಗೆ 11ಎಸಿ ಎಂಬ ಆಲ್ಟರ್ನೇಟರ್, 4ಟಿಆರ್ ಎಂಬ ರೆಗ್ಯುಲೇಟರ್. ಚಾರ್ಜಿಂಗ್ ದೀಪ ನೋಡಿಕೊಳ್ಳಲು 3ಎಡಬ್ಲ್ಯು ಎಂಬ ಇನ್ನೊಂದು ಸಣ್ಣ ಡಬ್ಬಿ. ಅದು ನೋಡಲು ಥೇಟ್ ಇಂಡಿಕೇಟರಿನ ಫ್ಲಾಶರ್ ಡಬ್ಬಿಯಂತೆ. ಒಂದರ ಜಾಗಕ್ಕೆ ಇನ್ನೊಂದು ಹಾಕಬಾರದೆಂದು ಕಂಪನಿಯೇ ಅದಕ್ಕೆ ಹಸಿರು ಚೀಟಿ ಅಂಟಿಸಿತ್ತು. ಚೀಟಿ ಉದುರಿದ ಮೇಲೆ ಗುರುತು ಹಿಡಿಯಲು ಅನುಭವವೇ ಬೇಕು.

1967ರ ಕೊನೆಗೆ ಎಂಜಿಬಿ ಕಾರಿಗೂ ಆಲ್ಟರ್ನೇಟರ್ ಬಂತು. ಮೊದಲು ಹೊರಗೆ ರೆಗ್ಯುಲೇಟರ್ ಇರುವ 16ಎಸಿ. ಸುಮಾರು ಒಂದು ವರ್ಷದಲ್ಲೇ ರೆಗ್ಯುಲೇಟರ್ ಒಳಗೇ ಇರುವ 16ಎಸಿಆರ್. ಕೊನೆಯ ಒಂದು ಅಕ್ಷರ ನೋಡದೆ ತಂದರೆ ವೈರಿಂಗ್ ಪೂರ್ತಿ ಬೇರೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ. ಅಲ್ಲಿಯವರೆಗೆ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿತ್ತು. ಆಲ್ಟರ್ನೇಟರ್ ಜೊತೆಗೆ ನೆಗೆಟಿವ್ ಅರ್ಥ್ ಬಂತು. ಡೈನಮೋಗೆ ಇದು ದೊಡ್ಡ ವಿಷಯವಲ್ಲ. ಎಫ್ ಟರ್ಮಿನಲ್ಲಿನ ವೈರ್ ಬಿಚ್ಚಿ, ಬ್ಯಾಟರಿಯಿಂದ ಒಂದು ವೈರನ್ನು ಅದಕ್ಕೆ ಕ್ಷಣ ಮಾತ್ರ ಮುಟ್ಟಿಸಿದರೆ ಲೂಕಾಸ್ ಡೈನಮೋ ಹೊಸ ದಿಕ್ಕಿಗೆ ಒಗ್ಗಿಕೊಳ್ಳುತ್ತದೆ. ಆಲ್ಟರ್ನೇಟರಿಗೆ ಆ ಸಹನೆ ಇಲ್ಲ. ಬ್ಯಾಟರಿ ಉಲ್ಟಾ ಕೊಟ್ಟ ಕ್ಷಣವೇ ಡಯೋಡ್ ಸುಟ್ಟು ಹೋಗುತ್ತದೆ.

ನಮ್ಮ ರಸ್ತೆಗೆ ಬಂದ ಕಥೆ

ಈ ಲೂಕಾಸ್ ನಮಗೆ ದೂರದವನಲ್ಲ. 1961ರಲ್ಲಿ ಟಿವಿಎಸ್ ಜೊತೆ ಸೇರಿ ಲೂಕಾಸ್-ಟಿವಿಎಸ್ ಆಯಿತು. ಮದರಾಸಿನ ಪಾಡಿಯಲ್ಲಿ ಕಾರ್ಖಾನೆ. ನಮ್ಮ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳ ಬೋರ್ಡ್ ಮೇಲೆ ಇವತ್ತಿಗೂ ಆ ಹೆಸರು ಕಾಣುತ್ತದೆ.

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾದದ್ದು ನಿಂತದ್ದು 2014ರಲ್ಲಿ. ಅರ್ಧ ಶತಮಾನ ಮೀರಿ ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ಮೈಕಟ್ಟು. ಬಾನೆಟ್ ಒಳಗೆ ಮಾತ್ರ ಡೈನಮೋದಿಂದ ಆಲ್ಟರ್ನೇಟರ್ ತನಕ ಕಾಲ ಬದಲಾಗಿತ್ತು. ಹಾಗಾಗಿ ಸ್ಪೇರ್ ಅಂಗಡಿಯಲ್ಲಿ "ಅಣ್ಣ, ಅಂಬಾಸಿಡರ್ ಕಟೌಟ್ ಕೊಡಿ" ಎಂದರೆ ಸಾಲದು. "ಯಾವ ಕಾಲದ್ದು? ಡೈನಮೋನಾ, ಆಲ್ಟರ್ನೇಟರಾ? ನಂಬರ್ ಏನಿದೆ?" ಎಂದು ತಿರುಗಿ ಕೇಳುವ ಅಂಗಡಿಯವನೇ ನಿಮ್ಮ ದುಡ್ಡು ಉಳಿಸುವವನು. ಡೈನಮೋ ಇರುವ ಹಳೆ ಟ್ರ್ಯಾಕ್ಟರ್, ಹಳೆ ಜೀಪಿಗೂ ಇದೇ ಮಾತು.

ಕೈಯಲ್ಲಿ ಹಳೆ ಗಾಡಿ ಇದ್ದರೆ ಇಷ್ಟು ನೆನಪಿರಲಿ

ಒಂದು, ಡೈನಮೋ ಅಥವಾ ಆಲ್ಟರ್ನೇಟರ್ ಮೈಮೇಲೆ, ರೆಗ್ಯುಲೇಟರ್ ಮೇಲೆ ಕೊರೆದ ನಂಬರ್ ಇರುತ್ತದೆ. ಬಟ್ಟೆಯಲ್ಲಿ ಒರೆಸಿ ಎರಡರದ್ದೂ ಫೋನಿನಲ್ಲಿ ಫೋಟೋ ತೆಗೆದಿಡಿ. ವೈರ್ ಬಿಚ್ಚುವ ಮೊದಲೂ ಒಂದು ಫೋಟೋ.

ಎರಡು, ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ಪಾಸಿಟಿವ್ ಅರ್ಥ್ ಇರುವ ಗಾಡಿಗೆ ಆಲ್ಟರ್ನೇಟರ್ ಕೂರಿಸುವ ಮೊದಲು ಅದನ್ನು ನೆಗೆಟಿವ್ ಅರ್ಥ್‌ಗೆ ತಿರುಗಿಸಬೇಕು.

ಮೂರು, ಮಲ್ಟಿಮೀಟರ್ ಇಟ್ಟು ನೋಡಿ. ತುಂಬಿದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಸ್ವಲ್ಪ ಏರಿಸಿದಾಗ 13.8ರಿಂದ 14.5ರ ಒಳಗೆ ಇದ್ದರೆ ಜೋಡಿ ಸರಿ ಇದೆ. ಏರಿಸಿದರೂ 12.6 ದಾಟದಿದ್ದರೆ ಚಾರ್ಜ್ ಇಲ್ಲ. 15 ದಾಟಿದರೆ ಎಂಜಿನ್ ನಿಲ್ಲಿಸಿ. ಕುದಿಯುವ ಬ್ಯಾಟರಿಯಿಂದ ಬರುವುದು ಹೈಡ್ರೋಜನ್. ಬೀಡಿ ಕಿಡಿ ತಾಗಿದರೂ ಸಿಡಿಯುತ್ತದೆ.

ನಾಲ್ಕು, 22 ಆಂಪ್ ಡೈನಮೋಗೆಂದು ಎಳೆದ ಹಳೆ ವೈರಿಗೆ ದೊಡ್ಡ ಆಲ್ಟರ್ನೇಟರ್ ಕಟ್ಟಬೇಡಿ. ಮುಖ್ಯ ವೈರ್ ದಪ್ಪದ್ದು ಹಾಕಿಸಿ. ಡ್ಯಾಶ್‌ಬೋರ್ಡಿನ ಹಳೆ ಆಂಪ್ ಮೀಟರ್ ಕೂಡ ಅಷ್ಟು ಕರೆಂಟ್ ತಾಳುವುದಿಲ್ಲ. ಬೆಂಕಿ ಹೊತ್ತುವುದು ಹೆಚ್ಚಾಗಿ ಇಲ್ಲಿಂದಲೇ.

ಐದು, ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ನಿಲ್ಲಲಿಲ್ಲ, ಚಾರ್ಜ್ ಆಗ್ತಿದೆ" ಎನ್ನುವ ಪರೀಕ್ಷೆ ಬಿಡಿ. ಅದು ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರ್‌ನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್, ರೆಗ್ಯುಲೇಟರ್ ಎರಡೂ ಹೋಗಬಹುದು.

ಈ ವಿಷಯವೆಲ್ಲ ಒಂದು ಕಾಲದಲ್ಲಿ ಕಂಪನಿಯ ಕೈಪಿಡಿಗಳಲ್ಲಿತ್ತು, ಹಳೆ ಎಲೆಕ್ಟ್ರಿಷಿಯನ್‌ಗಳ ತಲೆಯಲ್ಲಿತ್ತು. ಕೈಪಿಡಿಗಳು ಹರಿದಿವೆ, ಆ ತಲೆಮಾರಿಗೆ ವಯಸ್ಸಾಗಿದೆ. ಈಗಿನ ಹುಡುಗರು ಕಲಿತದ್ದು ರೆಗ್ಯುಲೇಟರ್ ಒಳಗೇ ಇರುವ ಗಾಡಿಗಳ ಮೇಲೆ, ಅದು ಅವರ ತಪ್ಪಲ್ಲ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕ ಆರ್ಮೇಚರ್ ಸುತ್ತುತ್ತಿದ್ದ ಹಿರಿಯರು ಯಾರಾದರೂ ಇದ್ದರೆ, ಎಫ್ ವೈರ್ ಎಲ್ಲಿಗೆ, ಡಿ ವೈರ್ ಎಲ್ಲಿಗೆ ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕಟೌಟ್ ಕೆಟ್ಟಿದೆ ಎಂದು ಬಿಸಾಡುವ ಮೊದಲು, ಅದರ ಜೋಡಿ ಯಾವುದೆಂದು ಒಮ್ಮೆ ನೋಡಿ.